ಡಾಲ್ಫಿನ್ ಕಾರು ಇನ್ನೆಷ್ಟು ಉಳಿದಿವೆ? ಅಪರೂಪದ ಹಳೇ ಕಾರುಗಳ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಫೆರಾರಿ 250 ಜಿಟಿಒ ಎಷ್ಟು ಉಳಿದಿವೆ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. 1962ರಿಂದ 1964ರವರೆಗೆ ತಯಾರಾಗಿದ್ದೇ 36. ಒಂದೊಂದಕ್ಕೂ ಈಗ ನೂರಾರು ಕೋಟಿ ಬೆಲೆ. ಯಾವುದು ಎಲ್ಲಿದೆ ಎಂಬ ಲೆಕ್ಕ ಪಕ್ಕಾ ಇದೆ. ಅಮೆರಿಕದ ಟಕ್ಕರ್ 48 ಕೂಡ ಹಾಗೇ. ಷಿಕಾಗೊದಲ್ಲಿ ಮೊದಲ ಮಾದರಿ ಕಾರೂ ಸೇರಿ 51 ತಯಾರಾದವು, 47 ಉಳಿದಿವೆ. ಇಂಥ ಕಡೆ ಅಂದಾಜಿನ ಮಾತೇ ಬರುವುದಿಲ್ಲ. ಒಂದೊಂದಾಗಿ ಎಣಿಸಿದರೆ ಮುಗಿಯಿತು.

ಕಷ್ಟ ಇರುವುದು ಅಗ್ಗದ ಕಾರುಗಳಲ್ಲಿ. ಮಧ್ಯಮ ವರ್ಗದವರು ಸಾಲ ಮಾಡಿ ಕೊಂಡು, ಹತ್ತು ಹದಿನೈದು ವರ್ಷ ಓಡಿಸಿ, ಕೊನೆಗೆ ಗುಜರಿಗೆ ಹಾಕಿದ ಕಾರುಗಳನ್ನು ಯಾರು ಎಣಿಸುತ್ತಾರೆ? ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಡಾಲ್ಫಿನ್ ಅಂಥದ್ದು. ಈ ಬರಹದಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಸ್ಟ್ಯಾಂಡರ್ಡ್ ಗೆಝೆಲ್, ಹಳೇ ಫಿಯೆಟ್, ಯಾವುದೇ ಇರಲಿ, ದಾರಿ ಇದೇ.

ಡಾಲ್ಫಿನ್ ನೋಡದವರಿಗಾಗಿ ಒಂದೆರಡು ಮಾತು. ಬೆಂಗಳೂರಿನ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಮೊದಲು ಮೂರು ಗಾಲಿಯ ಬಾದಲ್ ಎಂಬ ಕಾರು ಮಾಡುತ್ತಿತ್ತು. 1982ರಲ್ಲಿ ಡಾಲ್ಫಿನ್ ತಂದಿತು. ಆಮೇಲೆ ಕಂಪನಿಯ ಹೆಸರು ಸಿಪಾನಿ ಆಟೊಮೊಬೈಲ್ಸ್ ಎಂದಾಯಿತು. ಡಾಲ್ಫಿನ್‌ನ ಮೂಲ ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿಯ ಕಿಟನ್ ಕಾರು. ಎರಡು ಬಾಗಿಲು, ಫೈಬರ್ ಬಾಡಿ, ಕೆಳಗೆ ಉಕ್ಕಿನ ಚಾಸಿ (ಇಡೀ ಕಾರನ್ನು ಹೊರುವ ಚೌಕಟ್ಟು), 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಗಾಲಿಗೆ ಡ್ರೈವ್. ಹಗುರ ಇದ್ದದ್ದರಿಂದ ಎಂಬತ್ತರ ದಶಕದ ರ‍್ಯಾಲಿಗಳಲ್ಲಿ ಒಳ್ಳೇ ಹೆಸರು ಮಾಡಿತು. ಆದರೆ 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದರ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ. ನಾಲ್ಕು ಬಾಗಿಲಿನ ಮೊಂಟಾನಾ ಬಂದರೂ ಪರಿಸ್ಥಿತಿ ಬದಲಾಗಲಿಲ್ಲ.

ಹಂತ 1: ‘ಉಳಿದಿದೆ’ ಅಂದರೆ ಏನು ಎಂದು ಮೊದಲೇ ಬರೆದಿಡಿ

ಇದನ್ನು ಬಿಟ್ಟು ಮುಂದೆ ಹೋದವರ ಲೆಕ್ಕ ಯಾವಾಗಲೂ ಜಗಳದಲ್ಲಿ ಮುಗಿಯುತ್ತದೆ. ಒಬ್ಬರು ರಸ್ತೆಯಲ್ಲಿ ಓಡುವ ಕಾರು ಮಾತ್ರ ಲೆಕ್ಕ ಅನ್ನುತ್ತಾರೆ. ಇನ್ನೊಬ್ಬರು ತೋಟದ ಮೂಲೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತದ್ದನ್ನೂ ಸೇರಿಸುತ್ತಾರೆ. ಇಬ್ಬರ ಮಾತೂ ಸರಿಯೇ. ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಅಷ್ಟೇ.

ಮೂರು ದರ್ಜೆ ಇಟ್ಟುಕೊಳ್ಳಿ. ಮೊದಲನೆಯದು, ಓಡುತ್ತಿರುವ, ದಾಖಲೆ ಸರಿ ಇರುವ ಕಾರು. ಎರಡನೆಯದು, ಓಡದಿದ್ದರೂ ಚಾಸಿ, ಬಾಡಿ, ಎಂಜಿನ್ ಮೂರೂ ಒಟ್ಟಿಗೆ ಇದ್ದು ಎಬ್ಬಿಸಿ ನಿಲ್ಲಿಸಬಹುದಾದ ಕಾರು. ಮೂರನೆಯದು, ಬಿಡಿ ಅವಶೇಷ. ಕೊನೆಗೆ ಮೂರನ್ನೂ ಬೇರೆ ಬೇರೆಯಾಗಿಯೇ ಹೇಳಿ, ಒಟ್ಟು ಸೇರಿಸಬೇಡಿ.

ಡಾಲ್ಫಿನ್ ವಿಷಯದಲ್ಲಿ ಮೂರನೇ ದರ್ಜೆ ಬಹಳ ಮೋಸ ಮಾಡುತ್ತದೆ. ಮಾಮೂಲಿ ಕಾರು ಗುಜರಿಗೆ ಹೋದರೆ ತಗಡೆಲ್ಲ ತೂಕಕ್ಕೆ ಹೋಗುತ್ತದೆ, ಕುರುಹೇ ಉಳಿಯುವುದಿಲ್ಲ. ಫೈಬರ್‌ಗೆ ಗುಜರಿಯಲ್ಲಿ ಬೆಲೆ ಇಲ್ಲ. ಅಲ್ಯೂಮಿನಿಯಂ ಎಂಜಿನ್ ಕೆಜಿಗೆ ಒಳ್ಳೇ ದುಡ್ಡು ತರುತ್ತದೆ, ಚಾಸಿ ಕಬ್ಬಿಣದ ರೇಟಿಗೆ ಹೋಗುತ್ತದೆ. ಬಾಡಿ ಮಾತ್ರ ತುಕ್ಕು ಹಿಡಿಯದೆ, ಕೊಳೆಯದೆ ಹಾಗೇ ಬಿದ್ದಿರುತ್ತದೆ. ದೂರದಿಂದ ನೋಡಿದವರು ‘ಅಲ್ಲೊಂದು ಡಾಲ್ಫಿನ್ ಇದೆ’ ಅನ್ನುತ್ತಾರೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಕೆಳಗೆ ಏನೂ ಇರುವುದಿಲ್ಲ. ಅದಕ್ಕೇ ಈ ಕಾರಿಗೆ ನಿಯಮ ಒಂದೇ: ಚಾಸಿ ಇದ್ದರೆ ಕಾರು, ಇಲ್ಲದಿದ್ದರೆ ಅವಶೇಷ.

ಮೊಂಟಾನಾವನ್ನು ಸೇರಿಸಬೇಕೋ ಬೇಡವೋ ಎಂಬುದನ್ನೂ ಈಗಲೇ ತೀರ್ಮಾನಿಸಿ. ನಾನಾಗಿದ್ದರೆ ಬೇರೆ ಪಟ್ಟಿ ಮಾಡುತ್ತೇನೆ. ಬೇರೆ ಕಾರಿನ ಎಂಜಿನ್ ಕೂರಿಸಿದ ಡಾಲ್ಫಿನ್ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಪಕ್ಕದಲ್ಲಿ ‘ಎಂಜಿನ್ ಬದಲು’ ಎಂದು ಬರೆಯಿರಿ. ಬದುಕಿಸಲು ಯಾರೋ ಪಟ್ಟ ಕಷ್ಟ ಅದು. ಪಟ್ಟಿಯಿಂದ ಹೊರಗಿಡುವುದು ನ್ಯಾಯವಲ್ಲ.

ಹಂತ 2: ನಂಬರ್ ಪ್ಲೇಟ್ ನಂಬಬೇಡಿ, ಚಾಸಿ ನಂಬರ್ ಬರೆದುಕೊಳ್ಳಿ

ಪ್ಲೇಟ್ ನೋಡಿ ಎಣಿಸುವುದು ಸುಲಭ. ಆದರೆ ಒಂದೇ ಕಾರಿಗೆ ಜೀವಮಾನದಲ್ಲಿ ಎರಡು ಮೂರು ನಂಬರ್ ಇರಬಹುದು. 1989ಕ್ಕೆ ಮುಂಚೆ ನಮ್ಮಲ್ಲಿ ಎಂವೈ, ಎಂಇ, ಸಿಎ ಎಂದು ಶುರುವಾಗುವ ನಂಬರ್‌ಗಳಿದ್ದವು, ಕೆಎ ಸರಣಿ ಬಂದದ್ದು ಆಮೇಲೆ. ಅದೇ ಕಾರು ಎನ್‌ಒಸಿ (ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ತೆಗೆದುಕೊಂಡು ತಮಿಳುನಾಡಿಗೋ ಕೇರಳಕ್ಕೋ ಹೋದರೆ ಮತ್ತೊಂದು ನಂಬರ್. ಹಳೇ ಫೋಟೊದಲ್ಲಿ ಒಂದು, ಹೊಸ ಫೋಟೊದಲ್ಲಿ ಇನ್ನೊಂದು. ನಿಮ್ಮ ಪಟ್ಟಿಯಲ್ಲಿ ಒಂದು ಕಾರು ಎರಡಾಗುತ್ತದೆ.

ಕಂಪನಿಯಲ್ಲೇ ಚಾಸಿ ಮೇಲೆ ಕೊರೆದ ನಂಬರ್ ಹೀಗೆ ಬದಲಾಗುವುದಿಲ್ಲ. ಆ ಚಾಸಿ ನಂಬರ್ ತೆಗೆದುಕೊಳ್ಳಲು ಆರ್‌ಟಿಒ ಏಜೆಂಟರು ಮಾಡುವ ಕೆಲಸವನ್ನೇ ಮಾಡಿ. ಹಳೇ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ನಂಬರ್ ಇರುವ ಜಾಗ ಒರೆಸಿ. ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ. ಫೋಟೊದಲ್ಲಿ 3 ಮತ್ತು 8, 1 ಮತ್ತು 7 ಗೊಂದಲ ಮಾಡುತ್ತವೆ, ಉಜ್ಜಿದ ಅಚ್ಚಿನಲ್ಲಿ ಮಾಡುವುದಿಲ್ಲ. ಆರ್‌ಸಿ ಬುಕ್ ಇದ್ದರೆ ಅದರಲ್ಲಿರುವ ನಂಬರ್ ಜೊತೆ ಹೋಲಿಸಿ. ಎರಡೂ ತಾಳೆಯಾಗದಿದ್ದರೆ ಎರಡನ್ನೂ ಬರೆದಿಡಿ.

ಪ್ರತಿ ಕಾರಿಗೂ ಒಂದು ಸಾಲು: ಚಾಸಿ ನಂಬರ್, ಎಂಜಿನ್ ನಂಬರ್, ಗೊತ್ತಿರುವ ಪ್ಲೇಟ್‌ಗಳು, ಬಣ್ಣ, ಊರು, ದರ್ಜೆ, ಯಾರು ನೋಡಿದ್ದು, ಯಾವಾಗ ನೋಡಿದ್ದು. ಕೊನೆಯ ಎರಡು ಕಾಲಂ ಬಿಡಲೇಬೇಡಿ. ಐದು ವರ್ಷದಿಂದ ಯಾರೂ ಕಣ್ಣಾರೆ ನೋಡದ ಕಾರನ್ನು ‘ಗೊತ್ತಿಲ್ಲ’ ಎಂಬ ಪಟ್ಟಿಗೆ ಸರಿಸಿ. ಅಳಿಸಬೇಡಿ, ಸರಿಸಿ. ಮತ್ತೆ ಸಿಕ್ಕರೆ ವಾಪಸ್ ತರಬಹುದು.

ಹಂತ 3: ಒಟ್ಟು ಎಷ್ಟು ಹುಟ್ಟಿದವು?

ಉಳಿದದ್ದು ಎಷ್ಟೇ ಇರಲಿ, ಹುಟ್ಟಿದ್ದಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ ಅಲ್ವಾ. ಹಾಗಾಗಿ ಮೇಲಿನ ಮಿತಿ ಬೇಕು. ‘ಕಂಪನಿ ಇಷ್ಟು ಸಾವಿರ ಮಾಡಿತ್ತಂತೆ’ ಎಂದು ಯಾರಾದರೂ ಹೇಳಿದರೆ ಆಧಾರ ಕೇಳಿ. ಆಧಾರ ಇಲ್ಲದಿದ್ದರೆ ಚಾಸಿ ನಂಬರ್‌ಗಳಿಂದಲೇ ಲೆಕ್ಕ ತೆಗೆಯಬಹುದು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡುತ್ತಿದೆ ಎಂದು ಮಿತ್ರರಾಷ್ಟ್ರಗಳು ತಿಳಿಯಬೇಕಿತ್ತು. 1942ರ ಆಗಸ್ಟ್‌ಗೆ ಗೂಢಚಾರರ ಅಂದಾಜು 1,550. ಸಿಕ್ಕ ಟ್ಯಾಂಕ್‌ಗಳ ಸೀರಿಯಲ್ ನಂಬರ್ ನೋಡಿ ಸಂಖ್ಯಾಶಾಸ್ತ್ರದವರು ಹೇಳಿದ್ದು 327. ಯುದ್ಧ ಮುಗಿದ ಮೇಲೆ ಜರ್ಮನಿಯ ದಾಖಲೆಯಲ್ಲಿ ಸಿಕ್ಕಿದ್ದು 342.

ಸೂತ್ರ ಸುಲಭ. ಸಿಕ್ಕ ನಂಬರ್‌ಗಳಲ್ಲಿ ಅತಿ ದೊಡ್ಡದನ್ನು ಎಷ್ಟು ನಂಬರ್ ಸಿಕ್ಕಿವೆಯೋ ಅದರಿಂದ ಭಾಗಿಸಿ. ಬಂದದ್ದನ್ನು ಅದೇ ದೊಡ್ಡ ನಂಬರ್‌ಗೆ ಕೂಡಿಸಿ, ಒಂದು ಕಳೆಯಿರಿ. ಲೆಕ್ಕ ಕಲಿಯಲು ಕಲ್ಪನೆಯ ಅಂಕಿ ತೆಗೆದುಕೊಳ್ಳೋಣ. ನಿಮಗೆ 12 ನಂಬರ್ ಸಿಕ್ಕಿವೆ, ಅತಿ ದೊಡ್ಡದು 1,560. ಅದನ್ನು 12ರಿಂದ ಭಾಗಿಸಿದರೆ 130. ಕೂಡಿಸಿ ಒಂದು ಕಳೆದರೆ 1,689. ಇದು ಒಂದು ಅಂದಾಜು. ಶೇ 95 ಭರವಸೆಯಲ್ಲಿ ಹೇಳಬೇಕೆಂದರೆ 1,560ರಿಂದ ಸುಮಾರು 2,000ದ ಒಳಗೆ.

ಇಲ್ಲಿ ಒಂದು ತೊಡಕಿದೆ. ಎಷ್ಟೋ ಕಂಪನಿಗಳು 1ರಿಂದ ಶುರು ಮಾಡುವುದಿಲ್ಲ. 1001ರಿಂದ ಶುರು ಮಾಡುತ್ತವೆ, ಇಲ್ಲವೇ ಮಧ್ಯದಲ್ಲಿ ಮಾಡೆಲ್ ಬದಲಾದಾಗ ನಂಬರ್ ಹಾರಿಸುತ್ತವೆ. ಶುರು ಎಲ್ಲಿಂದ ಎಂದು ಗೊತ್ತಿಲ್ಲದಿದ್ದರೆ ಅತಿ ಚಿಕ್ಕ ನಂಬರನ್ನೂ ಬಳಸಿ. 12 ನಂಬರ್‌ಗಳಲ್ಲಿ ಚಿಕ್ಕದು 1,112, ದೊಡ್ಡದು 2,564 ಎಂದುಕೊಳ್ಳಿ. ವ್ಯತ್ಯಾಸ 1,452. ಅದನ್ನು 13ರಿಂದ ಗುಣಿಸಿ, 11ರಿಂದ ಭಾಗಿಸಿ, ಒಂದು ಕಳೆದರೆ 1,715. ಆ 13 ಮತ್ತು 11 ಬಂದದ್ದು ಹನ್ನೆರಡಕ್ಕೆ ಒಂದು ಕೂಡಿಸಿ, ಒಂದು ಕಳೆದು. ನಂಬರ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನೋಡಿ. ಮಧ್ಯೆ ದೊಡ್ಡ ಖಾಲಿ ಜಾಗ ಕಂಡರೆ ಅಲ್ಲಿ ಸರಣಿ ಹಾರಿದೆಯೇನೋ ಎಂದು ಅನುಮಾನಪಡಿ.

ಹಂತ 4: ಆರ್‌ಟಿಒ ದಾಖಲೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಬ್ರಿಟನ್‌ನಲ್ಲಿ ಈ ಕೆಲಸ ಹಗುರ. ಅಲ್ಲಿನ ವಾಹನ ನೋಂದಣಿ ಇಲಾಖೆ ಡಿವಿಎಲ್‌ಎ ಮೂರು ತಿಂಗಳಿಗೊಮ್ಮೆ ಯಾವ ಮಾಡೆಲ್ ಎಷ್ಟು ರಸ್ತೆಯಲ್ಲಿವೆ, ಎಷ್ಟು ಮನೆಯಲ್ಲಿ ನಿಂತಿವೆ ಎಂದು ಪ್ರಕಟಿಸುತ್ತದೆ. ಕಾರು ನಿಲ್ಲಿಸಿದ್ದೇನೆ ಎಂದು ಮಾಲೀಕರೇ ತಿಳಿಸಬೇಕೆಂಬ ನಿಯಮ 1998ರಿಂದ ಇದೆ. ಆದರೂ ಅದಕ್ಕಿಂತ ಮುಂಚೆಯೇ ಶೆಡ್ ಸೇರಿದ ಕಿಟನ್ ಕಾರುಗಳು ಆ ಪಟ್ಟಿಯಲ್ಲಿ ಕಾಣದಿರಬಹುದು. ಅಷ್ಟು ಒಳ್ಳೇ ದಾಖಲೆಗೂ ತೂತು ಇದೆ ಎಂಬುದು ನೆನಪಿರಲಿ.

ನಮ್ಮಲ್ಲಿ ನೋಂದಣಿ ದಾಖಲೆಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ‘ವಾಹನ್’ ವ್ಯವಸ್ಥೆ ಇದೆ. ಆದರೆ ಎಂಬತ್ತರ ದಶಕದ ಕಾರುಗಳ ಮೂಲ ದಾಖಲೆ ದಪ್ಪ ರಿಜಿಸ್ಟರ್‌ಗಳಲ್ಲಿ ಇದ್ದದ್ದು. ಕಂಪ್ಯೂಟರ್‌ಗೆ ಏರಿಸುವಾಗ ತಯಾರಕರ ಹೆಸರು ಒಬ್ಬೊಬ್ಬರು ಒಂದೊಂದು ಥರ ಹಾಕಿರುತ್ತಾರೆ. ನೀವು ಹುಡುಕುವಾಗ ಸನ್‌ರೈಸ್, ಸಿಪಾನಿ, ಡಾಲ್ಫಿನ್, ಎಲ್ಲವನ್ನೂ ಹುಡುಕಬೇಕು. ಇಂಗ್ಲಿಷ್ ಕಾಗುಣಿತ ತಪ್ಪಿದ ರೂಪಗಳನ್ನೂ ಬಿಡಬಾರದು.

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಚುಟುಕಾಗಿ ಕೇಳಿ. ಮಾಲೀಕರ ಹೆಸರು, ವಿಳಾಸ ಕೇಳಲೇಬೇಡಿ. ಅದು ಖಾಸಗಿ ಮಾಹಿತಿ ಎಂದು ಅರ್ಜಿ ತಿರಸ್ಕಾರ ಆಗುತ್ತದೆ, ನಿಮಗೆ ಅದು ಬೇಕಾಗಿಯೂ ಇಲ್ಲ. ‘ಈ ತಯಾರಕರ ಎಷ್ಟು ಕಾರುಗಳ ನೋಂದಣಿ ಈಗ ಚಾಲ್ತಿಯಲ್ಲಿದೆ, ಎಷ್ಟರ ನೋಂದಣಿ ಕಳೆದ ಐದು ವರ್ಷದಲ್ಲಿ ನವೀಕರಣ ಆಗಿದೆ’ ಎಂದು ಕೇಳಿದರೆ ಸಾಕು.

ನವೀಕರಣದ ಮಾತು ಯಾಕೆ ಅಂದರೆ, ಜೀವ ಇರುವ ಕಾರಿನ ಗುರುತು ಅದೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. 1984ರ ಡಾಲ್ಫಿನ್ ಅಂದರೆ 1999, 2004, 2009, 2014, 2019, 2024. ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ಆರ್‌ಟಿಒ ಮೈದಾನಕ್ಕೆ ತಂದು ನಿಲ್ಲಿಸಿರಬೇಕು. 2022ರ ಏಪ್ರಿಲ್‌ನಲ್ಲಿ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದರ ನಂತರವೂ ನವೀಕರಣ ಆದ ಕಾರು ಅಂದರೆ ಮನೆಯವರಿಗೆ ಅದರ ಮೇಲೆ ಪ್ರೀತಿ ಇದೆ ಎಂದೇ ಅರ್ಥ.

ದಾಖಲೆ ಎರಡೂ ಕಡೆ ತಪ್ಪುತ್ತದೆ. ಗುಜರಿಗೆ ಹೋದ ಕಾರಿನ ನೋಂದಣಿ ರದ್ದು ಮಾಡಿಸಲು ಹಿಂದೆಲ್ಲ ಯಾರೂ ಹೋಗುತ್ತಿರಲಿಲ್ಲ. ಅಂಥವು ಪುಸ್ತಕದಲ್ಲಿ ಬದುಕಿರುತ್ತವೆ. ಇನ್ನೊಂದು ಕಡೆ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಒಳಗೆ ಓಡಾಡುವ ಹಳೇ ಕಾರು ಗೇಟು ದಾಟುವುದೇ ಇಲ್ಲ. ಅದಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇಲ್ಲ, ಇನ್ಶೂರೆನ್ಸ್ ಇಲ್ಲ. ದಾಖಲೆ ಪ್ರಕಾರ ಸತ್ತಿದೆ, ನಿಜದಲ್ಲಿ ಬದುಕಿದೆ.

2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮದಿಂದ ಸಹಾಯ ಆಗುತ್ತದೆಯೇ ಎಂದು ಕೆಲವರು ಕೇಳಬಹುದು. ಅದು 50 ವರ್ಷ ದಾಟಿದ ವಾಹನಗಳಿಗೆ, ಹೊಸದಾಗಿ ನೋಂದಣಿ ಆದವುಗಳ ಪ್ಲೇಟ್‌ನಲ್ಲಿ ‘ವಿಎ’ ಅಕ್ಷರ ಇರುತ್ತದೆ. ಹಳೇ ಮಾರಿಸ್, ಆಸ್ಟಿನ್ ಎಣಿಸುವವರಿಗೆ ಒಳ್ಳೇ ಆಧಾರ. ಮೊದಲ ಡಾಲ್ಫಿನ್‌ಗೆ 50 ತುಂಬುವುದು 2032ಕ್ಕೆ.

ಹಂತ 5: ಎರಡು ಪಟ್ಟಿ, ಒಂದು ಉತ್ತರ

ಇಡೀ ಕೆಲಸದ ಜೀವಾಳ ಇದು. ನಾವು ನೋಡದ ಕಾರುಗಳು ಎಷ್ಟಿವೆ ಎಂದು ಹೇಳುವ ವಿಧಾನ.

ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ಹುಲಿ ಎಣಿಸಿದ್ದು ಇದೇ ವಿಧಾನದಲ್ಲಿ. ದಾರಿಯಲ್ಲಿ ಕ್ಯಾಮೆರಾ ಕಟ್ಟಿದರು. ಪ್ರತಿ ಹುಲಿಯ ಪಟ್ಟೆಯೂ ಬೇರೆ, ಹಾಗಾಗಿ ಯಾವ ಹುಲಿ ಮತ್ತೆ ಬಂತು ಎಂದು ಫೋಟೊದಲ್ಲೇ ಗೊತ್ತಾಗುತ್ತದೆ. ಬಂದವೇ ಮತ್ತೆ ಮತ್ತೆ ಬಂದರೆ ಒಟ್ಟು ಹುಲಿಗಳು ಕಡಿಮೆ. ಪ್ರತಿ ಸಲ ಹೊಸ ಮುಖ ಕಂಡರೆ ಕಾಡಿನಲ್ಲಿ ಇನ್ನೂ ಬಹಳ ಇವೆ. ನಮಗೆ ಚಾಸಿ ನಂಬರೇ ಪಟ್ಟೆ.

ಎರಡು ಪಟ್ಟಿ ಮಾಡಿ. ಮೊದಲನೆಯದು ಪ್ರದರ್ಶನಗಳಲ್ಲಿ, ರ‍್ಯಾಲಿಗಳಲ್ಲಿ, ಸಂಗ್ರಹಕಾರರ ಮನೆಗಳಲ್ಲಿ ಕಂಡವು. ಮ್ಯೂಸಿಯಂಗಳನ್ನೂ ಕೇಳಿ ನೋಡಿ. ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಎರಡರಲ್ಲೂ ಹಳೇ ಕಾರುಗಳ ಒಳ್ಳೇ ಸಂಗ್ರಹ ಇದೆ. ಎರಡನೆಯದು ಮೆಕ್ಯಾನಿಕ್‌ಗಳು, ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರು, ಶಿವಾಜಿನಗರದ ಗುಜರಿಯವರು ಹೇಳಿ, ನೀವು ಹೋಗಿ ಖಚಿತ ಮಾಡಿಕೊಂಡವು. ಎರಡನೇ ಪಟ್ಟಿ ಮಾಡುವಾಗ ಮೊದಲನೆಯದನ್ನು ಜೇಬಿನಿಂದ ತೆಗೆಯಬೇಡಿ. ‘ಇದು ಗೊತ್ತಿರೋದೇ ಬಿಡಿ’ ಎಂದು ಬಿಟ್ಟರೆ ಲೆಕ್ಕ ಕೆಟ್ಟಿತು.

ಮತ್ತೆ ಕಲ್ಪನೆಯ ಅಂಕಿ. ಮೊದಲ ಪಟ್ಟಿಯಲ್ಲಿ 24 ಕಾರು, ಎರಡನೆಯದರಲ್ಲಿ 18, ಎರಡರಲ್ಲೂ ಇರುವವು 8. ಅಂದರೆ ಕಣ್ಣಿಗೆ ಬಿದ್ದ ಬೇರೆ ಬೇರೆ ಕಾರು 34. ಈಗ ಮೂರು ಸಂಖ್ಯೆಗೂ ಒಂದೊಂದು ಕೂಡಿಸಿ: 25, 19, 9. ಮೊದಲ ಎರಡನ್ನು ಗುಣಿಸಿ, ಮೂರನೆಯದರಿಂದ ಭಾಗಿಸಿ, ಒಂದು ಕಳೆಯಿರಿ. ಬರುವುದು ಸುಮಾರು 52. ನೀವು ಇನ್ನೂ ನೋಡದ ಕಾರು ಸುಮಾರು 18 ಇವೆ ಎಂದಾಯಿತು.

ಬರೀ 52 ಎಂದು ಹೇಳಿ ನಿಲ್ಲಿಸಬೇಡಿ. ಪಟ್ಟಿ ಚಿಕ್ಕದಾದಷ್ಟೂ ಅಂದಾಜು ಅಲ್ಲಾಡುತ್ತದೆ. ಅದನ್ನು ಅಳೆಯಲು 25, 19, 16, 10 ಗುಣಿಸಿ. 16 ಅಂದರೆ ಮೊದಲ ಪಟ್ಟಿಯಲ್ಲಿ ಮಾತ್ರ ಇರುವವು, 10 ಅಂದರೆ ಎರಡನೆಯದರಲ್ಲಿ ಮಾತ್ರ ಇರುವವು. ಬಂದದ್ದನ್ನು 9ರ ವರ್ಗದಿಂದ, ಆಮೇಲೆ 10ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಈ 10 ಎಂದರೆ ಎಂಟಕ್ಕೆ ಎರಡು ಕೂಡಿಸಿದ್ದು. ಬರುವುದು 9.7. ಅದರ ಎರಡು ಪಟ್ಟು, ಅಂದರೆ ಸುಮಾರು 19, ಆಚೆ ಈಚೆ ಇಡಿ. ಕೆಳಗೆ 33 ಬರುತ್ತದೆ, ಆದರೆ 34 ಕಾರು ಕಣ್ಣಾರೆ ನೋಡಿದ್ದೀರಿ. ಹಾಗಾಗಿ ಉತ್ತರ 34ರಿಂದ 71.

ಒಂದೇ ಒಂದು ಕಾರನ್ನು ಹೊಂದಿಸುವುದು ತಪ್ಪಿ 8ರ ಬದಲು 7 ಆದರೆ 52 ಇದ್ದದ್ದು 58 ಆಗುತ್ತದೆ. ಪೆನ್ಸಿಲ್ ಉಜ್ಜುವ ಕೆಲಸಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಎರಡು ಪಟ್ಟಿಗಳೂ ಒಂದಕ್ಕೊಂದು ಸಂಬಂಧ ಇಲ್ಲದೆ ತಯಾರಾಗಿರಬೇಕು. ರ‍್ಯಾಲಿಗೆ ಬರುವವರೆಲ್ಲ ಒಬ್ಬನೇ ಮೆಕ್ಯಾನಿಕ್ ಹತ್ತಿರ ಹೋಗುತ್ತಿದ್ದು, ನೀವು ಅವನನ್ನೇ ಕೇಳಿದರೆ ಎರಡೂ ಕಡೆ ಅವೇ ಕಾರು ಬರುತ್ತವೆ. ಅಂದಾಜು ತೀರಾ ಕಡಿಮೆಯಾಗುತ್ತದೆ. ಅದಕ್ಕೆ ಮೆಕ್ಯಾನಿಕ್‌ಗಳನ್ನು ಬೇರೆ ಬೇರೆ ಊರಿನಲ್ಲಿ ಹುಡುಕಿ. ಮೈಸೂರು, ಹುಬ್ಬಳ್ಳಿ, ಮಂಗಳೂರು, ಹಾಗೇ ಕೊಯಮತ್ತೂರು. ತದ್ವಿರುದ್ಧ ತಪ್ಪೂ ಆಗುತ್ತದೆ. ಒಂದು ಪಟ್ಟಿಯಲ್ಲಿ ಬರೀ ಹೊಳೆಯುವ ಪ್ರದರ್ಶನದ ಕಾರು, ಇನ್ನೊಂದರಲ್ಲಿ ಬರೀ ನಿಂತು ಹೋದ ಕಾರು ಇದ್ದರೆ ಸಮಾನವಾದವು ಸಿಗುವುದೇ ಕಷ್ಟ, ಅಂದಾಜು ಸುಮ್ನೆ ಉಬ್ಬುತ್ತದೆ. ಆಗ ದರ್ಜೆವಾರು ಬೇರೆ ಬೇರೆ ಲೆಕ್ಕ ಹಾಕಿ. ಮಾರಾಟದ ಜಾಹೀರಾತುಗಳಿಂದ ಮೂರನೇ ಪಟ್ಟಿ ಮಾಡಿ, ಎರಡೆರಡನ್ನು ಜೋಡಿಸಿ ನೋಡಿದರೆ ಯಾವ ಪಟ್ಟಿ ಓರೆಯಾಗಿದೆ ಎಂದು ತಿಳಿಯುತ್ತದೆ.

ಹಂತ 6: ವರ್ಷಕ್ಕೆ ಎಷ್ಟು ಕಳೆದುಹೋಗುತ್ತಿವೆ

ಹಳೇ ಫೋಟೊ, ಹಳೇ ರ‍್ಯಾಲಿಯ ಪಟ್ಟಿ ಇದ್ದರೆ ಈ ಹಂತ ಮಾಡಿ. 2010ರಲ್ಲಿ ಇದ್ದವೆಂದು ಖಚಿತವಾದ 30 ಕಾರುಗಳಲ್ಲಿ 2020ಕ್ಕೆ 21 ಉಳಿದಿದ್ದರೆ ಹತ್ತು ವರ್ಷಕ್ಕೆ ಶೇ 70. ವರ್ಷಕ್ಕೆ ಸುಮಾರು ಶೇ 3.5 ಹೋಗುತ್ತಿವೆ. ಇದೇ ದರವನ್ನು ಹಿಂದಕ್ಕೆ, ಕಾರು ಹುಟ್ಟಿದ ಕಾಲದವರೆಗೆ ಎಳೆಯಬೇಡಿ. ಹತ್ತು ಹದಿನೈದು ವರ್ಷದ ಕಾರಿಗೆ ಬೆಲೆಯೂ ಇಲ್ಲ, ಬಿಡಿಭಾಗವೂ ಸಿಗುವುದಿಲ್ಲ. ಹೆಚ್ಚಿನವು ಸಾಯುವುದು ಆಗಲೇ. ಮೂವತ್ತು ದಾಟಿದವನ್ನು ಯಾರೋ ಕಾಪಾಡುತ್ತಿರುತ್ತಾರೆ, ಅವು ನಿಧಾನವಾಗಿ ಹೋಗುತ್ತವೆ.

ಹಂತ 7: ಬರೆದು ಹಂಚುವುದು

ಮೂರೂ ದಾರಿಯ ಉತ್ತರಗಳನ್ನು ಅಕ್ಕಪಕ್ಕ ಇಡಿ: ಹುಟ್ಟಿದ್ದು, ದಾಖಲೆಯಲ್ಲಿರುವುದು, ಎರಡು ಪಟ್ಟಿಯ ಅಂದಾಜು. ಸರಾಸರಿ ಮಾತ್ರ ತೆಗೆಯಬೇಡಿ, ಅವು ಬೇರೆ ಬೇರೆ ಪ್ರಶ್ನೆಯ ಉತ್ತರಗಳು. ಚಾಲ್ತಿ ನೋಂದಣಿ ಅಂದಾಜಿಗಿಂತ ಬಹಳ ಜಾಸ್ತಿ ಇದ್ದರೆ ರದ್ದಾಗದ ಗುಜರಿ ಕಾರುಗಳನ್ನು ಅನುಮಾನಿಸಿ. ಬಹಳ ಕಡಿಮೆ ಇದ್ದರೆ ಶೆಡ್ಡು, ತೋಟಗಳ ಕಡೆ ಇನ್ನೊಂದು ಸುತ್ತು ಹೋಗಿ.

ಪ್ರಕಟಿಸುವ ಸಾಲು ಹೀಗಿರಲಿ: ‘ಇಂಥ ತಿಂಗಳಿನ ಹೊತ್ತಿಗೆ, ಚಾಸಿ ಸಮೇತ ಪೂರ್ತಿ ಇರುವ ಡಾಲ್ಫಿನ್ ಸುಮಾರು ಇಷ್ಟು, ಇಷ್ಟರಿಂದ ಇಷ್ಟರ ಒಳಗೆ. ಕಣ್ಣಾರೆ ಕಂಡದ್ದು ಇಷ್ಟು. ಇವುಗಳಲ್ಲಿ ಓಡುವವು ಇಷ್ಟು.’ ಚಾಸಿ ನಂಬರ್‌ನ ಕೊನೆಯ ಎರಡು ಅಂಕಿ ಮುಚ್ಚಿ. ಊರಿನ ಹೆಸರು ಸಾಕು, ಬೀದಿ ಬೇಡ. ಬಿಡಿಭಾಗ ಸಿಗದ ಕಾರಿನ ಎಂಜಿನ್, ಲೈಟು ಕದಿಯುವವರಿದ್ದಾರೆ. ಮಾಲೀಕರು ನಿಮ್ಮನ್ನು ನಂಬಿ ಶೆಡ್ಡಿನ ಬಾಗಿಲು ತೆರೆದಿರುತ್ತಾರೆ.

ಮೆಕ್ಯಾನಿಕ್‌ಗಳ ಹತ್ತಿರ ಹೋಗುವ ಕೆಲಸ ಮಾತ್ರ ಮುಂದೆ ಹಾಕಬೇಡಿ. 1985ರಲ್ಲಿ ಇಪ್ಪತ್ತೈದರ ಹುಡುಗನಾಗಿ ಡಾಲ್ಫಿನ್ ಬಿಚ್ಚಿ ಜೋಡಿಸಿದವರಿಗೆ ಈಗ ಅರವತ್ತೈದು ದಾಟಿದೆ. ಯಾವ ಕಾರು ಯಾವ ಊರಿಗೆ ಹೋಯಿತು, ಯಾವುದರ ಚಾಸಿ ಕತ್ತರಿಸಿ ಬೆಸುಗೆ ಹಾಕಿದ್ದು ಎಂಬುದು ಇರುವುದು ಅವರ ತಲೆಯಲ್ಲಿ. ಆರ್‌ಟಿಒ ಅರ್ಜಿ ಮುಂದಿನ ವರ್ಷವೂ ಹಾಕಬಹುದು. ಇವರನ್ನು ಈ ತಿಂಗಳೇ ಹೋಗಿ ಮಾತಾಡಿಸಿ.